ಸಾಂಪೆಗೆ ಇನ್ನೂ ಮೈ ಸರಿಯಿಲ್ಲ

"ನನ್ನ ತಮ್ಮ ಸತ್ತು ಎರಡು ವರ್ಷ ಆಯ್ತಲ್ಲಮ್ಮಾ! ಇನ್ನೂ ಮನೇಲೇ ಮಲಗಿಸ್ಕೊಂಡಿದ್ದೀಯಾ?" ಎಂದು ರೊಂಬೆ ಹೊಸ್ತಿಲು ದಾಟುತ್ತಲೇ ಗುಡುಗಿದ.

ಗಂಡ ಸಾಂಪೆಯ ತಲೆದೆಸೆಗೆ ಬಿಸಿ ಕಾಫಿ ಇಡುತ್ತಿದ್ದ ದಾತು ಬೆಚ್ಚಿಬಿದ್ದಳು. "ಬಿಡ್ತು ಅನ್ನಿ ಭಾವ! ಕಾಯಿಲೆ ಮನುಷ್ಯನ ಎದುರಿಗೇ ಸತ್ತ ಅಂತೀರಲ್ಲ!"

ರೊಂಬೆ ನಾಲಿಗೆ ಕಚ್ಚಿಕೊಂಡ. ನಮ್ಮ ತೋರಾಜಾ ಬೆಟ್ಟದಲ್ಲಿ ಸಾವಿನ ಹಬ್ಬದ ಮೊದಲ ಕೋಣ ಬಲಿ ಬೀಳುವ ತನಕ ಯಾರೂ ಸತ್ತಿರುವುದಿಲ್ಲ. ಮೈ ಕೆಡದ ಹಾಗೆ ಮದ್ದು ಹಾಕಿ, ಬಟ್ಟೆ ಸುತ್ತಿ ಮಲಗಿಸುತ್ತೇವೆ, ಊಟ ಇಡುತ್ತೇವೆ, ಮಾತಾಡಿಸುತ್ತೇವೆ. ಅವರು ಕಾಯಿಲೆಯವರು, ಅಷ್ಟೇ. ಕೋಣಕ್ಕೆ ದುಡ್ಡು ಕೂಡಬೇಕಲ್ಲ, ಬಡವರ ಮನೆಯ ಕಾಯಿಲೆ ಸ್ವಲ್ಪ ಜಾಸ್ತಿ ದಿನ ಇರುತ್ತದೆ, ಬಿಡಿ.

"ತಪ್ಪಾಯ್ತು ಕಣೋ ಸಾಂಪೆ" ಎಂದು ಆ ದೊಡ್ಡ ಮನುಷ್ಯ ತಮ್ಮನ ಪಕ್ಕ ಒಂದು ಸಿಗರೇಟು ಇಟ್ಟ. ದಾತುವಿಗೆ ನಗು ತಡೆಯಲಾಗಲಿಲ್ಲ. ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

"ನೋಡಮ್ಮ, ಹನ್ನೆರಡು ಕೋಣ ಆಗ್ಲೇಬೇಕು. ಅದ್ರಲ್ಲಿ ಒಂದು ಚುಕ್ಕೆ ಕೋಣ, ಎಷ್ಟೇ ದುಬಾರಿ ಆದ್ರೂ ಸರಿ. ಇಲ್ದಿದ್ರೆ ಊರಲ್ಲಿ ನನ್ನ ಮರ್ಯಾದೆ ಏನಾಗ್ಬೇಕು? ಆ ಗದ್ದೆ ಮಾರಿಬಿಡು."

ಅವಳ ನಗು ಹಾರಿಹೋಯಿತು. ಇದ್ದದ್ದೇ ಆ ಒಂದು ಗದ್ದೆ. "ಮಕ್ಕಳು ಏನು ತಿನ್ಬೇಕು ಭಾವ?"

"ಅಪ್ಪನಿಗಿಂತ ಹೊಟ್ಟೆ ದೊಡ್ಡದಾ?" ಎಂದ ರೊಂಬೆ. ಅವನಿಗಿಂತ ಮೊದಲು ಅವನ ಹೊಟ್ಟೆಯೇ ಒಳಗೆ ಬಂದಿತ್ತು ಎನ್ನುವುದು ಬೇರೆ ಮಾತು.

ದಾತುವಿಗೆ ಎಲ್ಲಿಲ್ಲದ ಸಿಟ್ಟು ಬಂತು, ಅದರ ಹಿಂದೆಯೇ ಒಂದು ಉಪಾಯವೂ ಬಂತು. "ಗದ್ದೆ ನಿಮ್ಮ ತಮ್ಮಂದು. ಯಜಮಾನ್ರು ಮನೇಲೇ ಇರುವಾಗ ಮಾರೋಕೆ ನಾನ್ಯಾರು? ಅವರನ್ನೇ ಕೇಳಿ."

"ಯಾರನ್ನ?"

"ಅವರನ್ನೇ. ಕಿವಿ ಕೇಳಿಸದೇ ಇದ್ರೆ ಈಗ ತಪ್ಪಾಯ್ತು ಅಂತ ಯಾರಿಗೆ ಅಂದ್ರಿ?"

ಅಷ್ಟು ಹೊತ್ತಿಗೆ ಕಿಟಕಿಯ ತುಂಬ ನೆರೆಹೊರೆಯವರ ತಲೆಗಳು. ರೊಂಬೆ ಹಣೆ ಒರೆಸಿಕೊಂಡ, ಕೆಮ್ಮಿದ, ಕೊನೆಗೆ ಬಗ್ಗಿದ. "ಸಾಂಪೆ... ಗದ್ದೆ ಮಾರೋಣ್ವೇನೋ?"

ಕಿಟಕಿಯ ತಲೆಗಳೆಲ್ಲ ಒಳಕ್ಕೆ ಬಾಗಿದವು. ಕಂಬಗಳ ಮೇಲೆ ನಿಂತ ಮನೆಯ ಕೆಳಗಿನಿಂದ "ಕೊಕ್" ಎಂದು ಕೇಳಿಸಿತು.

"ಅದು ಕೋಳಿ!" ಎಂದಳು ದಾತು, ರೊಂಬೆ ಬಾಯಿ ತೆರೆಯುವ ಮುಂಚೆಯೇ.

ಕಿಟಕಿಯಲ್ಲಿ ಯಾರೋ ಕಿಸಕ್ಕೆಂದರು. ಇನ್ನೂ ಸ್ವಲ್ಪ ಹೊತ್ತು ಕಾದರು. ಕಾಫಿ ತಣ್ಣಗಾಯಿತು.

"ಕೇಳಿದ್ರಲ್ಲ ಭಾವ?" ಎಂದಳು ದಾತು. "ಮೈ ಸರಿ ಇದ್ದಾಗ ನೀವು ಬಾಯಿ ಬಿಡೋದೇ ತಡ, ಹೂಂ ಅಣ್ಣ ಅಂತಿದ್ರು. ಕಾಯಿಲೆ ಬಿದ್ಮೇಲೇ ನೋಡಿ ನಮ್ಮನೆಯವರಿಗೆ ಬುದ್ಧಿ ಬಂದಿದ್ದು!"