ಪುಣೆಗೆ ಕಾಣುವ ಪುಟ

ಪುಣೆಯ ಗಿರಾಕಿಗಳಿಗೆ ವೆಬ್‌ಸೈಟಿನಲ್ಲಿ ಮೂರು ವರ್ಷದ ಹಿಂದಿನ ಸೀರೆಗಳೇ ಕಾಣುತ್ತಿವೆ ಎಂಬ ದೂರು ಬಂದಿತ್ತು. ಸರಿಪಡಿಸಲು ಬಂದ ತಂತ್ರಜ್ಞೆಯ ಪಕ್ಕದಲ್ಲೇ ಅಂಗಡಿಯ ಯಜಮಾನರು ಕೂತಿದ್ದರು.

"ಏನರ ಮಾಡವಾ, ಮೊದಲನೇ ಪುಟದಾಗಿನ ಆ ಸಾಲು ಮಾತ್ರ ತೆಗೀಬ್ಯಾಡ."

ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿತ್ತು: 'ಶಾಂಭವಿ, ತಪ್ಪು ನಂದು. ಅಳಿಯನ್ನ ಕರಕೊಂಡು ಮನೀಗೆ ಬಾ.'

"ನಿಮ್ಮ ಮಗಳು ಇದನ್ನ ನೋಡ್ತಾರೇನ್ರಿ ಕಾಕಾ?"

"ದಿನಾ ನೋಡಿ ಅಳ್ತಾಳಂತ. ಪುಣೆದಾಗ ಆಕಿ ಬಾಜೂ ಮನಿ ಮರಾಠಿ ಹೆಣ್ಮಗಳು ನಮ್ಮ ಗಿರಾಕಿ, ಆಕೀನ ಹೇಳಿದ್ಲು. ಪಾಪ, ಆ ಹೆಣ್ಮಗಳಿಗೆ ಕನ್ನಡ ಓದಾಕ ಬರಂಗಿಲ್ಲ. ಅತ್ತರ ಏನು ಬಂತು? ಅವರವ್ವ ತೀರಿಕೊಂಡದ್ದೂ ಇಲ್ಲೇ ಬರಸಿದ್ದೆ. ಮಣ್ಣಿಗೂ ಬರ್ಲಿಲ್ಲ. ಅಂಥಾ ಕಲ್ಲು ಮನಸ್ಸು."

ತಂತ್ರಜ್ಞೆ ವೆಬ್‌ಸೈಟಿನ ಸೆಟ್ಟಿಂಗ್ ತೆರೆದು ನೋಡಿದಳು. ವೆಬ್‌ಸೈಟಿನ ಹೆಸರು ಒಂದೇ, ಅದರ ಹಿಂದೆ ಸರ್ವರ್ ಎರಡು. ಕರ್ನಾಟಕದಲ್ಲಿ ತೆರೆದವರು ಒಂದಕ್ಕೆ ಹೋಗುತ್ತಿದ್ದರು, ಮಹಾರಾಷ್ಟ್ರದಲ್ಲಿ ತೆರೆದವರು ಇನ್ನೊಂದಕ್ಕೆ. ಮೂರು ವರ್ಷದಿಂದ ಬರೆಸಿದ್ದೆಲ್ಲ ಮೊದಲನೆಯದಕ್ಕೆ ಮಾತ್ರ ಸೇರಿತ್ತು.

"ಏನವಾ, ತಪ್ಪು ಸಿಕ್ತೇನು?"

"ಕಾಕಾ, ಇದಕ್ಕಿಂತ ಮೊದಲು ಆ ಜಾಗಾದಾಗ ಏನರ ಬರಸಿದ್ರೇನು?"

"ಮೂರು ವರ್ಷದ ಹಿಂದ, ಆಕಿ ಮನಿ ಬಿಟ್ಟು ಹ್ವಾದ ವಾರ, ಸಿಟ್ಟಿನಾಗ ಏನೋ ಬರಸಿದ್ದೆ. ತಿಂಗಳದಾಗ ತೆಗಿಸಿಬಿಟ್ಟೆ."

ಅವಳು ಎರಡನೇ ಸರ್ವರಿನ ಪುಟ ತೆರೆದು, ಪರದೆಯನ್ನು ನಿಧಾನವಾಗಿ ಅವರ ಕಡೆ ತಿರುಗಿಸಿದಳು.

'ಸಾರ್ವಜನಿಕರ ಗಮನಕ್ಕೆ: ಶಾಂಭವಿ ಎಂಬಾಕೆ ನಮ್ಮ ಪಾಲಿಗೆ ಸತ್ತಿದ್ದಾಳೆ. ನಾವು ಸತ್ತರೂ ಆಕೆ ಈ ಮನೆಯ ಹೊಸ್ತಿಲು ತುಳಿಯಕೂಡದು.'