ಸುಡದ ಅಂಗಾಲು

ಮೂರನೆಯ ಆಸ್ಪತ್ರೆಯವರು ಕಾರ್ಡನ್ನು ಹಿಂದಕ್ಕೆ ತಳ್ಳಲಿಲ್ಲ. ಶ್ರೀರಂಗಪಟ್ಟಣದ ಆ ಸಣ್ಣ ಕ್ಲಿನಿಕ್ಕಿನ ಗುಮಾಸ್ತ ಇ.ಎಸ್.ಐ. ಕಾರ್ಡಿನ ಫೋಟೊ ನೋಡಿ, ಎದುರಿಗಿದ್ದ ಮರಿಯಯ್ಯನ ಮುಖ ನೋಡಿ, "ಕಾಲಿನ ಡಾಕ್ಟ್ರು ಗುರುವಾರ ಮಾತ್ರ ಬರೋದು. ನಿಮ್ಮ ಪುಣ್ಯ, ಇವತ್ತು ಬಂದಿದೀರಿ. ಕಾರ್ಡು ನಡೀತದೆ, ಕೂತ್ಕೊಳ್ಳಿ" ಎಂದ.

ದ್ಯಾವಮ್ಮ ಕಾರ್ಡನ್ನು ಎಲೆಅಡಿಕೆ ಚೀಲಕ್ಕೆ ಸೇರಿಸಿ ಗಂಡನನ್ನು ಬೆಂಚಿಗೆ ಕೂರಿಸಿದಳು. ಅವನು ಸಕ್ಕರೆ ಕಾರ್ಖಾನೆಯಲ್ಲಿ ಮೂಟೆ ಹೊಲಿಯುವವನು; ವಿಮೆಯ ಆ ಕಾರ್ಡು ಅಲ್ಲಿಂದಲೇ ಬಂದದ್ದು. ಕೆ.ಆರ್.ಪೇಟೆಯ ನರ್ಸಿಂಗ್ ಹೋಮಿನಲ್ಲಿ ಅದು ನಡೆಯಲಿಲ್ಲ. ಪಾಂಡವಪುರದಲ್ಲಿ ಕಾರ್ಡು ನಡೆಯಿತು, ಆದರೆ ಕಾಲು ನೋಡಬಲ್ಲವರಿರಲಿಲ್ಲ. ಇನ್ನು ಹದಿನೈದು ದಿನ ಬಿಟ್ಟರೆ ಪಾದ ತೆಗೆಯಬೇಕಾದೀತು ಎಂದಷ್ಟೇ ಹೇಳಿ ಕಳಿಸಿದ್ದರು.

ಮರಿಯಯ್ಯನಿಗೆ ಅವಸರವೇನೂ ಇರಲಿಲ್ಲ. ಹೊರಗಿನ ನಾಲೆಯ ನೀರಿಗೆ ಬಿದ್ದ ಬಿಸಿಲು ಕಿಟಕಿಯಿಂದ ಒಳಬಂದು ಗೋಡೆಯ ಮೇಲೆ ಕದಲುತ್ತಿತ್ತು. ಅದನ್ನೇ ನೋಡುತ್ತ ಅವನು ಮನಸ್ಸಿನಲ್ಲೇ ಮತ್ತೆ ಊರಹಬ್ಬದ ಕೊಂಡದ ಬಳಿಗೆ ಹೋಗಿಬಿಟ್ಟಿದ್ದ. ಪ್ರತಿವರ್ಷ ಕೆಂಡದ ಮೇಲೆ ನಾಲ್ಕೇ ಹೆಜ್ಜೆಗೆ ಓಡಿ ಆಚೆ ಬೀಳುತ್ತಿದ್ದವನು ಈ ಸಲ ನಡುವೆ ನಿಂತಿದ್ದ. ಸುಡಲೇ ಇಲ್ಲ. ಚೆಂಡುಹೂವಿನ ರಾಶಿಯ ಮೇಲೆ ನಿಂತ ಹಾಗೆ ನಿಂತು, ಊರಮ್ಮನ ಮುಖವನ್ನು ಕಣ್ತುಂಬ ನೋಡಿದ್ದ. ಐವತ್ತೆರಡು ವರ್ಷದಲ್ಲಿ ಮೊದಲ ಸಲ ಅವಳೂ ತನ್ನನ್ನು ನೋಡಿದಳು ಅನಿಸಿತ್ತು. ಹೆಂಗಸರು ಬಿಂದಿಗೆ ತಂದು ಕಾಲು ತೊಳೆದರು. ಅಂದಿನಿಂದ ಊರಲ್ಲಿ ಯಾರೂ ಅವನನ್ನು 'ಲೇ ಮರಿಯ' ಅಂದಿರಲಿಲ್ಲ.

"ಇದು ಮುಳ್ಳು ತುಳ್ದಿದ್ದು ಕಣಮ್ಮಿ" ಎಂದ, ಬಟ್ಟೆ ಸುತ್ತಿದ ಬಲಗಾಲು ತೋರಿಸಿ. "ಇಲ್ಲಿ ಔಷ್ದಿ ಆಕುಸ್ಕಂಡ್ರೆ ಊರೋರು ಏನಂದಾರು? ಊರವ್ವ ಸುಟ್ಬುಟ್ಲು ಅಂತಾರೆ."

"ಅನ್ಲಿ ಬುಡು. ಕಾಲೇ ವೋದ್ಮೇಲೆ ಅದ್ಯಾವ ಕಾಲಿಗೆ ಬಂದು ಬಿದ್ದಾರು ನಿನ್ ಊರೋರು?"

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಬೇಸಿನ್ನಿನಲ್ಲಿ ಕಾಲು ತೊಳೆದು, ಹೆಬ್ಬೆರಳ ಬುಡದ ಗುಂಡನೆಯ ಹುಣ್ಣನ್ನು ನೋಡಿ, "ನೋವಿದೆಯಾ?" ಎಂದರು.

"ಒಂಚೂರೂ ಇಲ್ಲ ತಾಯಿ" ಎಂದ ಮರಿಯಯ್ಯ ಹೆಮ್ಮೆಯಿಂದ.

"ಸಕ್ಕರೆ ಕಾಯಿಲೆ?"

"ಅದೆ" ಎಂದಳು ದ್ಯಾವಮ್ಮ. "ಮಾತ್ರೆ ನುಂಗ್ತದೆ, ನೆಪ್ಪಾದ್ ದಿನ."

ಡಾಕ್ಟರು ಜೇಬಿನಿಂದ ಬಾಲ್‌ಪೆನ್ನು ತೆಗೆದರು. "ಮಲಗಿ ಕಣ್ಣು ಮುಚ್ಕೊಳ್ಳಿ. ಪಾದಕ್ಕೆ ಏನಾದ್ರೂ ತಾಗಿದಾಗೆಲ್ಲ ಹೂಂ ಅನ್ನಿ."

ಮರಿಯಯ್ಯ ಕಣ್ಣು ಮುಚ್ಚಿದ. ಫ್ಯಾನು ತಿರುಗುತ್ತಿತ್ತು. ನಾಲೆಯ ಕಡೆಯಿಂದ ಯಾರೋ ಬಟ್ಟೆ ಒಗೆಯುವ ಸದ್ದು, ಒಂದು ಏಟು, ಅದರ ಹಿಂದೆ ಅದರದೇ ಮಾರ್ದನಿ. ಗಂಟಲಲ್ಲಿ ಒಂದು 'ಹೂಂ' ಅನ್ನು ಸಿದ್ಧವಾಗಿಟ್ಟುಕೊಂಡು ಕಾದ. ಮೈ ಹಗುರವಾಗಿ, ನೀರಿನ ಮೇಲೆ ಮಲಗಿ ಎತ್ತಲೋ ಸಾಗುತ್ತಿರುವಂತೆ ಅನಿಸತೊಡಗಿತು. ಡಾಕ್ಟ್ರಮ್ಮ ಚೀಟಿ ಬರೆಯುತ್ತಿದ್ದಾರೇನೋ, ಪಾಪ. ಬರೆಯಲಿ. ಬಹಳ ಹೊತ್ತಾದ ಮೇಲೆ ಅವನೇ ಹೇಳಿದ:

"ಸುರು ಮಾಡಿ ತಾಯಿ. ನಂಗೇನು ಭಯ ಇಲ್ಲ."

ಕಣ್ಣು ಬಿಟ್ಟ. ಡಾಕ್ಟರು ಪೆನ್ನಿಗೆ ಮುಚ್ಚಳ ಹಾಕುತ್ತಿದ್ದರು. ದ್ಯಾವಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಮರಿಯಯ್ಯ ಎದ್ದು ಕೂತು, ಕಾಲನ್ನು ಕೈಯಿಂದ ಎತ್ತಿ ತಿರುಗಿಸಿ ನೋಡಿದ. ಬೆರಳಿಂದ ಹಿಮ್ಮಡಿಯವರೆಗೆ ಅಂಗಾಲ ತುಂಬ ನೀಲಿ ಶಾಯಿಯ ಚುಕ್ಕಿಗಳು.

"ಪಾದದಲ್ಲಿ ಸ್ಪರ್ಶವೇ ಇಲ್ಲ" ಎಂದರು ಡಾಕ್ಟರು ಮೆಲ್ಲಗೆ. "ಒಂದೆರಡು ವರ್ಷದಿಂದಲೇ ಹೀಗಾಗಿರಬೇಕು. ಕಾಲು ಉಳಿಸಬಹುದು. ಆದರೆ ಇನ್ನುಮೇಲೆ ಬರಿಗಾಲಲ್ಲಿ ಒಂದು ಹೆಜ್ಜೆಯನ್ನೂ ಇಡಬಾರದು."

ಮರಿಯಯ್ಯ ಆ ಚುಕ್ಕಿಗಳನ್ನೇ ನೋಡುತ್ತಿದ್ದ. ಆಮೇಲೆ, ಡಾಕ್ಟರನ್ನಲ್ಲ, ಹೆಂಡತಿಯನ್ನು ಕೇಳಿದ:

"ಅಂಗಾರೆ ಅವತ್ತು ಅವ್ವ ಬಂದಿರ್ನಿಲ್ವಮ್ಮಿ?"

ದ್ಯಾವಮ್ಮ ಸೆರಗಿನ ತುದಿ ಒದ್ದೆ ಮಾಡಿಕೊಂಡು ಅವನ ಹಿಮ್ಮಡಿಯಿಂದ ಒಂದೊಂದೇ ಚುಕ್ಕಿ ಒರೆಸತೊಡಗಿದಳು. ಅವನು ಬೇರೆ ಯಾರದೋ ಕಾಲನ್ನು ನೋಡುವವನಂತೆ ನೋಡುತ್ತಿದ್ದ.

"ಬಂದಿದ್ಲು" ಎಂದಳು ಅವಳು, ತಲೆ ಎತ್ತದೆ. "ನಿನ್ ಕಾಲೇ ಬಂದಿರ್ನಿಲ್ಲ."