ಮರೆತ ಹೂವು

ಹೂಗಳಲ್ಲಿ ಮಧು ಬತ್ತಿ ಹನ್ನೊಂದು ವರ್ಷವಾಗಿತ್ತು. ಆ ಒಣ ದ್ವೀಪದ ಸೂರಕ್ಕಿಗಳು ಬದುಕಿದ್ದು ಹೆಂಗಸರ ಕೈಯಿಂದ. ಬೆಳಗಾದರೆ ದೇವರಿಗೆ ದೀಪ ಹಚ್ಚಿ, ಲೋಳೆಸರದ ಒಂದೊಂದು ಹೂವಿಗೂ ಬೆಲ್ಲದ ನೀರು ಹನಿಸಿ, ಆಮೇಲೆ ತಾವು ಸಪ್ಪೆ ಗಂಜಿ ಉಣ್ಣುತ್ತಿದ್ದರು. ಇದ್ದಷ್ಟು ಬೆಲ್ಲ ಹಕ್ಕಿಗೇ ಮೀಸಲು.

ಅಂದು ಗಂಜಿಗೆ ಕೂತ ಮಾಸ್ತಮ್ಮ ತಟ್ಟನೆ ಎದ್ದು ಬೆಲ್ಲದ ನೀರಿನ ತಂಬಿಗೆ ಹಿಡಿದು ಓಡಿದಳು. ಬಂಡೆಯ ಹಿಂದಿನ ಗಿಡ ಮರೆತುಹೋಗಿತ್ತು. ಪಕ್ಕದ ಮುಳ್ಳುಕಂಟಿಯ ಗೂಡಿನಲ್ಲಿ ಎರಡು ಮರಿಗಳಿದ್ದವು.

“ದಿನಾ ನಂಗೆ ಬೈತಿದ್ರಿ ಅತ್ತೆ, ಈಗ ನೀವೇ ಮರೆತ್ರಾ?” ಸೊಸೆ ಬೆಳ್ಳಿ ನಗುತ್ತ ಹಿಂದೆಯೇ ಬಂದಳು.

“ನಗು ಮಾರಾಯ್ತಿ. ಮರಿ ಸತ್ರೆ ದೇವ್ರಿಗೆ ನಾ ಎಂತ ಹೇಳೂದು?”

ಬಂಡೆ ದಾಟಿದವರು ಅಲ್ಲೇ ನಿಂತರು. ತಾಯಿಹಕ್ಕಿ ಆ ಹೂವಿಗೇ ಕೊಕ್ಕಿಟ್ಟು ಸಾವಕಾಶವಾಗಿ ಕುಡಿಯುತ್ತಿತ್ತು.

“ನೀ ನೀರು ಬಿಟ್ಟದ್ದಾ?”

“ಇಲ್ಲ ಅತ್ತೆ.”

ಹಕ್ಕಿ ಗೂಡಿಗೆ ಹಾರಿದ ಮೇಲೆ ಮಾಸ್ತಮ್ಮ ಹೂವನ್ನು ಬಗ್ಗಿಸಿ ನಾಲಿಗೆಗೆ ತಾಗಿಸಿಕೊಂಡಳು. ಸಿಹಿ, ಆದರೆ ಬೆಲ್ಲದ್ದಲ್ಲ.

“ಮತ್ತೆ ಯಾರು ಬಿಟ್ಟದ್ದು?” ಬೆಳ್ಳಿ ಹೂವಿನೊಳಗೆ ಇಣುಕಿದಳು.

“ಯಾರು ಬಿಡ್ಬೇಕಿತ್ತೋ ಅವನೇ,” ಎಂದು ಮಾಸ್ತಮ್ಮ ಕೈಮುಗಿದು ತಂಬಿಗೆಯನ್ನು ಸೊಸೆಗೆ ಕೊಟ್ಟಳು. “ನಡಿ, ಇದನ್ನ ಇವತ್ತು ನಮ್ಮ ಗಂಜಿಗೆ ಸುರ್ಕೊಳ್ಳುವ.”